ಇಸಿಜಿ ನಾರ್ಮಲ್ ಬಂದ್ರ ‘ಏನೂ ಇಲ್ಲ’ ಅಂತಲ್ಲ

2025ರ ಜುಲೈ. ಕೃಷ್ಣಾ ದಂಡೆಯ ಒಂದು ಊರು. ನಮ್ಮ ಬಳಗದ ಗೆಳೆಯನೊಬ್ಬನ ಕಾಕು ರಾತ್ರಿ ಒಂದೂವರೆ ಸುಮಾರಿಗೆ ಹಾಸಿಗೆಯಲ್ಲಿ ಎದ್ದು ಕೂತರು. ವಯಸ್ಸು ನಲವತ್ತೆರಡು. ಮೈಯೆಲ್ಲ ಬೆವರು. “ಎದಿ ಧಡಧಡ ಹೊಡಕೊಳ್ಳಾಕತ್ತೈತ್ರಿ, ಕೈ ಜುಂ ಅನ್ನಾಕತ್ತಾವು, ಉಸರು ಸಿಗವಲ್ದು. ನಾ ಉಳಿಯಂಗಿಲ್ಲ, ಹುಡುಗರನ್ನ ಎಬ್ಬಿಸ್ರಿ” ಅಂದರು ಕಾಕಾಗೆ.

ಬಾಜೂಮನಿಯವರ ಗಾಡಿ ತಗೊಂಡು ತಾಲೂಕಿನ ಊರಿಗೆ ಓಡಿದರು. ದವಾಖಾನೆಯಲ್ಲಿ ಇಸಿಜಿ ತೆಗೆದರು, ಬಿ.ಪಿ. ನೋಡಿದರು. ಡ್ಯೂಟಿ ಮೇಲಿದ್ದ ಡಾಕ್ಟರು ಚೀಟಿ ನೋಡಿ, “ಇಸಿಜಿ ನಾರ್ಮಲ್ ಐತಿ. ಏನೂ ಇಲ್ಲ. ಗ್ಯಾಸ್ ಆಗಿರಬೇಕು” ಅಂದರು. ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ.

ಜೀವ ಉಳಿಯಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ವಾಪಸ್ ಬರುವಾಗ ಗಾಡಿಯಲ್ಲಿ ಅತ್ತಿ ಅಂದ ಮಾತು ಕಾಕುಗೆ ಇವತ್ತಿಗೂ ನೆನಪಿದೆ: “ಏನೂ ಇಲ್ಲಂತ. ಸುಮ್ಮ ನಡುರಾತ್ರ್ಯಾಗ ಊರ ಎಬ್ಬಿಸಿದಿ.”

ಹದಿನೈದು ದಿನದಲ್ಲಿ ಅದೇ ಥರ ಮತ್ತೆ ಎರಡು ಸಲ ಆಯಿತು. ಮೂರನೇ ಸಲ ಮೀರಜಕ್ಕೆ ಹೋದರು. ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಮೊದಲು ಮೀರಜ, ನಿಪ್ಪಾಣಿ ಕಡೆಯವರಿಗೆ ಕೊಲ್ಹಾಪುರ, ಅದೂ ಆಗದಿದ್ದರೆ ಬೆಳಗಾವಿ. ಎಕೋ ಆಯಿತು. ಬೆಲ್ಟ್ ಮೇಲೆ ಓಡಿಸಿ ನೋಡುವ ಟಿಎಂಟಿ ಆಯಿತು. ಎಲ್ಲ ನಾರ್ಮಲ್. ಆಮೇಲೆ ಬೆಳಗಾವಿ. ಅಲ್ಲೂ ನಾರ್ಮಲ್. ಅಷ್ಟರಲ್ಲಿ ಒಂದು ಎಮ್ಮಿ ಮಾರಿ ಆಗಿತ್ತು. ಮೂರು ಊರಿನ ಡಾಕ್ಟರು ಒಂದೇ ಮಾತು ಹೇಳಿದರು, “ಏನೂ ಇಲ್ಲ.” ಮನೆಯವರಿಗೆ ಅದು ಕೇಳಿಸಿದ್ದು ಬೇರೆ ಥರ: “ನಾಟಕ ಮಾಡಾಕತ್ತಾಳ.”

ಈ ‘ಏನೂ ಇಲ್ಲ’ ಅನ್ನುವ ಎರಡು ಶಬ್ದದ ಬಗ್ಗೆ ನಮ್ಮ ತಕರಾರಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಜುಲೈ ಎಂಥದ್ದಿತ್ತು ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನುವ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯಲ್ಲಿ ದಿನಾ ಲೆಕ್ಕ: ಇವತ್ತು ಇನ್ನೊಬ್ಬರು, ನಾಳೆ ಇನ್ನಿಬ್ಬರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಪಾಳಿ ನಿಂತ ಜನರ ವಿಡಿಯೋ ನಮ್ಮ ಐದೂ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಹಾಸನ ಇಲ್ಲಿಂದ ನಾನೂರು ಕಿಲೋಮೀಟರಿಗೂ ದೂರ. ಆದರೆ ಫೋನಿನಲ್ಲಿ ಅದು ದಿಂಬಿನ ಬಾಜೂಕ್ಕೇ ಇತ್ತು. ಕಾಕು ಮಲಗುವ ಮುಂಚೆ ನೋಡಿದ್ದು ಅಂಥದ್ದೇ ಒಂದು ವಿಡಿಯೋ.

ನಮ್ಮದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಪತ್ರಿಕೋದ್ಯಮ ಓದಿ ಬಂದವರು ನಾವು. ಆ ದಿನಗಳಲ್ಲಿ ನಮ್ಮಲ್ಲೇ ಕೆಲವರು ‘ಹಾಸನದಲ್ಲಿ ಮತ್ತೊಂದು ಬಲಿ’ ಅನ್ನುವ ಪೋಸ್ಟ್ ಮುಂದಕ್ಕೆ ಕಳಿಸಿದೆವು, ಕ್ರಿಕೆಟ್ ಸ್ಕೋರ್ ಕಳಿಸಿದ ಹಾಗೆ. ಆಮೇಲೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲೇ ವರದಿ ಬಂತು. ಲೆಕ್ಕಕ್ಕೆ ಹಿಡಿದಿದ್ದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ಉಳಿದ 20ರಲ್ಲಿ 10 ಹೃದ್ರೋಗವೆಂದು ಖಚಿತವಾದವು, 10 ಹೃದ್ರೋಗ ಇರಬಹುದಾದವು. ಬಹಳ ಜನರಿಗೆ ಬೀಡಿ-ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ಬಿ.ಪಿ. ಇಂಥ ಕಾರಣಗಳು ಇದ್ದವು. ಸತ್ತವರಲ್ಲಿ ಕೆಲವರು ಆಟೋ, ಕಾರು ಓಡಿಸುವವರು. ಹಿಂದಿನ ವರ್ಷಗಳಿಗಿಂತ ಈ ಸಲ ಒಮ್ಮೆಲೇ ಸಾವು ಏರಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ ಸಮಿತಿ ಹೇಳಿತು.

ಆ ವರದಿಯ ಸುದ್ದಿಯನ್ನು ನಮ್ಮ ಗುಂಪುಗಳಲ್ಲಿ ಎಷ್ಟು ಜನ ಫಾರ್ವರ್ಡ್ ಮಾಡಿದರು? ಬೆರಳಲ್ಲಿ ಎಣಿಸಬಹುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. 46 ವರ್ಷದ ಗಟ್ಟಿ ಆಳು ಹೋದ ಅಂದ ಮೇಲೆ ನಮ್ಮದೇನು ಅಂತ ಜನ ದವಾಖಾನೆಗೆ ನುಗ್ಗಿದ್ದರು. ಹೆದರಿದ್ದು ತಪ್ಪು ಅನ್ನುತ್ತಿಲ್ಲ. ಆ ಹೆದರಿಕೆಯಿಂದಲೇ ಬಿ.ಪಿ., ಸಕ್ಕರೆ ಮೊದಲ ಸಲ ಗೊತ್ತಾದವರೂ ಇದ್ದಾರೆ. ಆದರೆ ತಪಾಸಣೆ ನಾರ್ಮಲ್ ಬಂದ ಮೇಲೂ ಹೆದರಿಕೆ ಎದೆಯಲ್ಲೇ ಕೂತವರು ಎಲ್ಲಿ ಹೋಗಬೇಕು? ಅವರನ್ನು ಯಾರೂ ಕೇಳಲಿಲ್ಲ.

ಈಗ ಮುಖ್ಯ ಮಾತು. ಕಾಕುಗೆ ಆದದ್ದು ನಾಟಕ ಅಲ್ಲ. ಎದೆ ಹೊಡೆದುಕೊಂಡದ್ದು ನಿಜ, ಬೆವರು ನಿಜ, ಕೈ ಜೋಮು ಹಿಡಿದದ್ದು ನಿಜ. ಡಾಕ್ಟರ ಭಾಷೆಯಲ್ಲಿ ಅದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ನಾವು ಗಾಬರಿಯ ಹೊಡೆತ ಅನ್ನೋಣ.

ಹೊಲದಲ್ಲಿ ಕಾಲ ಹತ್ತಿರ ಹಾವು ಕಂಡರೆ ಏನಾಗುತ್ತದೆ? ಎದೆ ಝಲ್ ಅನ್ನುತ್ತದೆ, ಮೈ ಬೆವರುತ್ತದೆ, ಉಸಿರು ಜೋರಾಗುತ್ತದೆ, ಯೋಚನೆ ಮಾಡುವ ಮುಂಚೆ ಕಾಲು ಹಿಂದೆ ಜಿಗಿದಿರುತ್ತದೆ. ಮೂತ್ರಪಿಂಡದ ಮೇಲೆ ಕೂತ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಅನ್ನುವ ರಸವನ್ನು ರಕ್ತಕ್ಕೆ ಬಿಡುತ್ತವೆ. ಓಡುವುದಕ್ಕೆ ಬೇಕಾದ ಶಕ್ತಿ ಕೊಡುವುದು ಅದೇ. ಹಾವು ಹೋದ ಮೇಲೆ ಎದೆ ತಣ್ಣಗಾಗುತ್ತದೆ.

ಆದರೆ ಹಾವು ಮನೆಯ ಒಳಗೇ ಇದ್ದರೆ? ಸಾಲದ ಕಂತು, ಮಗಳ ಮದುವೆ, ಗಂಡನ ಕುಡಿತ, ನದಿಯ ನೀರು. ಇವು ಕಣ್ಣೆದುರು ಹೆಡೆ ಎತ್ತುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ತಿಂಗಳುಗಟ್ಟಲೆ ಕಾವಲು ಕಾಯುತ್ತದೆ. ಒಂದು ದಿನ ಯಾವ ಕಾರಣವೂ ಇಲ್ಲದೆ, ನಿದ್ದೆಯಲ್ಲೇ, ಹಾವು ಕಂಡಾಗಿನಷ್ಟೇ ಅಡ್ರಿನಲಿನ್ ಒಮ್ಮೆಲೇ ಬಿಡುಗಡೆಯಾಗುತ್ತದೆ.

ಆಮೇಲೆ ಉಸಿರು ಜೋರಾಗುತ್ತದೆ. ಜೋರಾಗಿ ಉಸಿರಾಡಿದಷ್ಟೂ ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆ ಆಗುತ್ತದೆ. ಕೈಬೆರಳು, ತುಟಿ ಜುಂ ಅನ್ನುವುದು, ತಲೆ ತಿರುಗುವುದು ಅದಕ್ಕೇ. ಪಕ್ಕೆಲುಬಿನ ನಡುವಿನ ಸ್ನಾಯು ಬಿಗಿದು ಎದೆ ಹಿಡಿದಂತೆ ಆಗುತ್ತದೆ. ‘ಇದು ಅಟ್ಯಾಕೇ’ ಅನ್ನುವ ವಿಚಾರ ಬಂತೋ, ಹೆದರಿಕೆ ಇಮ್ಮಡಿ, ಅಡ್ರಿನಲಿನ್ ಇನ್ನಷ್ಟು. ಹೀಗೆ ಹೆದರಿಕೆಗೆ ಹೆದರಿಕೆ ಗಂಟು ಬೀಳುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಇಸಿಜಿ ಮಷೀನ್ ಮುಂದೆ ಹೋಗುವಷ್ಟರಲ್ಲಿ ಇಳಿದೇ ಹೋಗಿರುತ್ತದೆ.

ಇದೇನು ಹೊಸ ರೋಗ ಅಲ್ಲ, ಮೊಬೈಲ್ ತಂದದ್ದೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆ ನೋವು, ಎದೆ ಬಡಿತ ಅಂತ ಬಂದ ಸೈನಿಕರನ್ನು ಜೇಕಬ್ ಡಾ ಕೋಸ್ಟಾ ಅನ್ನುವ ವೈದ್ಯ ಪರೀಕ್ಷೆ ಮಾಡಿದ್ದ. ಗಟ್ಟಿಮುಟ್ಟಾದ ಹುಡುಗರು, ಆದರೆ ಹೃದಯದಲ್ಲಿ ರೋಗ ಕಾಣದು. ಅವನು 1871ರಲ್ಲಿ ಅದರ ಬಗ್ಗೆ ಬರೆದ. ಮುಂದೆ ಅದಕ್ಕೆ ‘ಸೈನಿಕನ ಹೃದಯ’ ಅಂತಲೇ ಹೆಸರು ಬಿತ್ತು. ಬಂದೂಕು ಹಿಡಿದ ಗಂಡಸರಿಗೆ ಆದಾಗ ಸೈನಿಕನ ಹೃದಯ, ನಮ್ಮ ಕಾಕುಗೆ ಆದಾಗ ನಾಟಕ!

ನಮ್ಮ ಭಾಷೆಗಂತೂ ಇದು ಮೊದಲೇ ಗೊತ್ತಿದೆ. ಎದೆ ಒಡೆಯಿತು, ಎದೆಗುಂದಿದ, ಎದೆ ಭಾರ ಆಯಿತು, ಎದೆ ಹಗುರಾಯಿತು ಅನ್ನುತ್ತೇವೆ. ಕಂತಿನವ ಬಾಗಿಲಿಗೆ ಬಂದರೆ ‘ಎದಿ ಧಸಕ್ ಅಂತು’ ಅನ್ನುತ್ತೇವೆ. ಮನಸ್ಸಿನ ಎಲ್ಲ ಸಂಕಟವನ್ನೂ ಎದೆಯ ಲೆಕ್ಕದಲ್ಲೇ ಬರೆದ ಜನ ನಾವು. ದವಾಖಾನೆಗೆ ಹೋದಾಗ ಮಾತ್ರ ಎದೆ ಬೇರೆ, ಮನಸ್ಸು ಬೇರೆ ಆಗಿಬಿಡುತ್ತದೆ.

ಇನ್ನೊಂದು ಮಾತು, ಇದನ್ನು ಓದದೆ ಬಿಡಬೇಡಿ. ‘ಟೆನ್ಶನ್‌ನಿಂದಲೂ ಎದೆ ನೋಯುತ್ತದೆ’ ಅಂತ ತಿಳಿದುಕೊಂಡು ಯಾರೂ ಮನೆಯಲ್ಲಿ ಕೂರಬಾರದು. ಇದು ಗಾಬರಿಯೋ ಅಟ್ಯಾಕೋ ಅಂತ ಮನೆಯಲ್ಲಿ ಕೂತು ಹೇಳಲು ನಮ್ಮಿಂದ ಆಗದು, ನಿಮ್ಮಿಂದ ಆಗದು, ಡಾಕ್ಟರಿಂದಲೂ ಆಗದು. ಎದೆ ನಡುವೆ ಕಲ್ಲು ಇಟ್ಟ ಹಾಗೆ ಭಾರ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ವಾಂತಿ, ಉಸಿರು ಕಟ್ಟುವುದು, ನಡೆದಾಗ ಹೆಚ್ಚಾಗಿ ಕೂತಾಗ ಕಡಿಮೆ ಆಗುವುದು, ಇವೆಲ್ಲ ಹೃದಯದ ಕಡೆ ಕೈ ತೋರಿಸುತ್ತವೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಹೊಟ್ಟೆ ಉರಿ, ಉಸಿರಾಟದ ತೊಂದರೆಯಾಗಿಯೂ ಅಟ್ಯಾಕ್ ಬರಬಹುದು. ಆದ್ದರಿಂದ ಮೊದಲು 108. ಸಿಗದಿದ್ದರೆ ಯಾರದಾದರೂ ಗಾಡಿ. ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೋಗಬೇಡಿ, ನೋವು ಇದ್ದವರು ತಾವೇ ಗಾಡಿ ಹೊಡೆಯಬೇಡಿ.

ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ತೆಗೆಯಬೇಕು, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಬೇಕಾಗಬಹುದು. ಇದನ್ನು ಕೇಳಲು ನಾಚಿಕೆ ಬೇಡ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಶುರು ಮಾಡಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ. ಅಟ್ಯಾಕ್ ಅಂತ ಗೊತ್ತಾದರೆ ರಕ್ತದ ಗಂಟು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಮೀರಜ ಮುಟ್ಟುವವರೆಗೆ ಕಾಯುವ ಬದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಇಸಿಜಿ ಆಗಲಿ ಅನ್ನುವುದು ಇದಕ್ಕೇ.

ನಾವು ಕಂಡ ಇನ್ನೊಂದು ತಪ್ಪು ಇದರ ಉಲ್ಟಾ. ಹೆಂಗಸರು ಎದೆನೋವು ಅಂದ ಕೂಡಲೇ ‘ಟೆನ್ಶನ್ ತಗೋಬ್ಯಾಡವ್ವ’ ಅಂತ ಇಸಿಜಿ ಇಲ್ಲದೇ ಕಳಿಸುವುದು. ಗಂಡಸರಿಗೆ ಎದೆನೋವು ಅಂದರೆ ಸ್ಟ್ರೆಚರ್, ಹೆಂಗಸರಿಗೆ ಉಪದೇಶ. ಇದು ಜೀವ ತೆಗೆಯುವ ತಪ್ಪು. ಟೆನ್ಶನ್ ಅನ್ನುವ ಶಬ್ದವನ್ನು ತಪಾಸಣೆ ಮುಗಿದ ಮೇಲೆ ಹೇಳಬೇಕು, ತಪಾಸಣೆಯ ಬದಲು ಅಲ್ಲ.

ಟೆನ್ಶನ್ ಅಂದರೆ ಹಗುರ ಅಂತ ತಿಳಿಯುವವರಿಗೆ ಜಪಾನಿನ ಒಂದು ಮಾತು. 1990ರಲ್ಲಿ ಅಲ್ಲಿನ ವೈದ್ಯರು ವಿಚಿತ್ರ ಕಾಯಿಲೆಯೊಂದನ್ನು ಗುರುತಿಸಿದರು. ಗಂಡ ಸತ್ತ ಸುದ್ದಿ, ಭೂಕಂಪ ಇಂಥ ದೊಡ್ಡ ಆಘಾತದ ನಂತರ, ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ, ಥೇಟ್ ಹೃದಯಾಘಾತದ ಲಕ್ಷಣ. ಇಸಿಜಿಯೂ ಬದಲಾಗಿರುತ್ತದೆ. ಆದರೆ ರಕ್ತನಾಳ ಕಟ್ಟಿರುವುದಿಲ್ಲ. ಹೃದಯದ ಕೆಳಭಾಗ ಬಲೂನಿನಂತೆ ಉಬ್ಬಿ ಬಡಿತ ಸೋತಿರುತ್ತದೆ. ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ಕಂಡು ಅದಕ್ಕೆ ‘ಟಕೊಟ್ಸುಬೊ’ ಅಂದರು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರ ಜೀವಕ್ಕೆ ಅಪಾಯವೂ ಇದೆ. ಇದು ಅಪರೂಪ, ಕಾಕುಗೆ ಆದದ್ದು ಇದಲ್ಲ. ಸಂಕಟ ಹೃದಯದ ಮಾಂಸದ ಆಕಾರವನ್ನೇ ಬದಲಿಸಬಲ್ಲದು ಅನ್ನುವುದಕ್ಕೆ ಹೇಳಿದೆವು. 2004ರಲ್ಲಿ ಪ್ರಕಟವಾದ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನವೂ ಹೃದಯಾಘಾತದ ದೊಡ್ಡ ಕಾರಣಗಳ ಸಾಲಿನಲ್ಲಿ ಬೀಡಿ, ಸಕ್ಕರೆ ಕಾಯಿಲೆ, ಬಿ.ಪಿ. ಜೊತೆ ಮನಸ್ಸಿನ ಒತ್ತಡವನ್ನೂ ನಿಲ್ಲಿಸಿತು. ಇವತ್ತಿನ ಗಾಬರಿ ನಾಳೆಯ ಹೃದ್ರೋಗಕ್ಕೆ ದಾರಿ ಆಗಬಾರದು ಅಂದರೆ ಗಾಬರಿಗೂ ಚಿಕಿತ್ಸೆ ಬೇಕು.

ಮತ್ತೆ ಕಾಕು ಹತ್ತಿರ ಬರೋಣ. ಮೂರು ಊರಿನ ದವಾಖಾನೆಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಮ್ಮ ಗೆಳೆಯ ಕೇಳಿದ, ಅದೂ ಚಹಾ ಕುಡಿಯುತ್ತಾ ಸಹಜವಾಗಿ: “ಕಾಕು, ಖರೇ ಹೇಳ್ರಿ, ಏನ್ ಚಿಂತಿ ಐತಿ ನಿಮಗ?”

ಅರ್ಧ ತಾಸು ಅವರು ಮಾತಾಡಿದರಂತೆ. ಕಾಕಾ ಟ್ರ್ಯಾಕ್ಟರ್ ಇಟ್ಟುಕೊಂಡು ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಾರೆ. ಹಿಂದಿನ ಹಂಗಾಮಿಗೆ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿಗೆ ಮುಂಗಡ ಕೊಟ್ಟಿದ್ದರು. ಅವನು ಬರಲೇ ಇಲ್ಲ, ಫೋನ್ ಸ್ವಿಚ್ ಆಫ್. ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್ ಇಟ್ಟವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಆ ಮುಂಗಡಕ್ಕೆ ಮೈಕ್ರೋ ಫೈನಾನ್ಸ್‌ನಿಂದ ಸಾಲ ಎತ್ತಿದ್ದು ಕಾಕು ಹೆಸರಿನಲ್ಲಿ. ಸಂಘದ ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಇವರು ಕಂತು ತಪ್ಪಿಸಿದರೆ ಉಳಿದವರು ಇವರ ಅಂಗಳದಲ್ಲಿ. ಕಂತಿನ ಹಿಂದಿನ ರಾತ್ರಿ ನಿದ್ದೆ ಇಲ್ಲ. ಮೊದಲ ಸಲ ಎದೆ ಹೊಡೆದುಕೊಂಡದ್ದು ಅಂಥ ಒಂದು ರಾತ್ರಿಯೇ.

ಅದರ ಮೇಲೆ ನದಿ. 2019ರ ಆಗಸ್ಟ್‌ನಲ್ಲಿ ಅವರ ಮನೆಯ ಗೋಡೆ ಬಿದ್ದಿತ್ತು, 2021ರಲ್ಲಿ ಮತ್ತೆ ನೀರು ಬಂದಿತ್ತು. ಈಗ ಪ್ರತಿ ಜುಲೈ ಬಂದರೆ ಫೋನಿನಲ್ಲಿ ‘ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗಾದಿಂದ ಇಷ್ಟು ಕ್ಯೂಸೆಕ್, ಕಲ್ಲೋಳ-ಯಡೂರ ಸೇತುವೆ ಮುಳುಗಡೆ’ ಅನ್ನುವ ಮೆಸೇಜ್. ಆ ‘ಟಿಂಗ್’ ಶಬ್ದಕ್ಕೇ ಎದೆ ಝಲ್ ಅನ್ನುತ್ತದೆ ಅಂದರಂತೆ. ನದಿ ದಂಡೆಯ ಎಷ್ಟು ಮನೆಗಳಲ್ಲಿ ಈ ಎದೆ ಇಲ್ಲ ಹೇಳಿ. ನೆರೆ ಇಳಿದ ಮೇಲೆ ಸರ್ಕಾರ ಗೋಡೆ ಎಷ್ಟು ಬಿದ್ದಿದೆ, ಬೆಳೆ ಎಷ್ಟು ಹೋಗಿದೆ ಅಂತ ಬರೆದುಕೊಂಡು ಹೋಗುತ್ತದೆ. ನಿದ್ದೆ ಎಷ್ಟು ಹೋಗಿದೆ ಅನ್ನುವ ಕಾಲಂ ಆ ಪಂಚನಾಮೆಯಲ್ಲಿ ಇಲ್ಲ.

ಗಂಡಸರ ಕಥೆ ಬೇರೆ. ಅವರು ಹೆದರಿಕೆ ಅನ್ನುವ ಶಬ್ದವನ್ನೇ ಬಾಯಿಂದ ತೆಗೆಯುವುದಿಲ್ಲ. ಕಬ್ಬು ಕಳಿಸಿದ 14 ದಿನದಲ್ಲಿ ಬಿಲ್ಲು ಕೊಡಬೇಕೆಂದು ಕಾಯ್ದೆ ಇದೆ, ಬಿಲ್ಲು ತಡವಾದಾಗ ಸೊಸೈಟಿಯ ಸಾಲದ ಬಡ್ಡಿ ಮಾತ್ರ ತಡ ಮಾಡುವುದಿಲ್ಲ. ಅವರಿಗೆ ಬರುವುದು ‘ಎದಿ ಹಿಡದಂಗ ಆಗೈತಿ’, ‘ಪಿತ್ತ ಆಗೈತಿ’, ‘ಬಾಯಿಗೆ ರುಚಿ ಇಲ್ಲ’. ಡಾಕ್ಟರು ಆ ಮಾತಿನ ಹಿಂದೆ ಹೋಗಬೇಕು. ಹೆಚ್ಚಿನವರು ಹೋಗುವುದು ಸಲಾಯಿನ್ ಕಡೆ. ಒಂದು ಬಾಟಲಿ ಹಚ್ಚಿದರೆ ಪೇಷಂಟಿಗೂ ಸಮಾಧಾನ, ದವಾಖಾನೆಗೂ ಸಮಾಧಾನ.

ನಿಪ್ಪಾಣಿ ಕಡೆಯವರಿಗೆ ಒಂದು ಮಾತು ಬೇರೆ ಹೇಳಬೇಕು. ತಂಬಾಕಿನಲ್ಲಿರುವ ನಿಕೋಟಿನ್ ಕೂಡ ಎದೆ ಬಡಿತ ಏರಿಸುತ್ತದೆ. ಬೀಡಿ, ಗುಟ್ಕಾ, ಮಾವಾ ಎಲ್ಲರಿಗೂ ಗೊತ್ತು. ಆದರೆ ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕುವ ಅವ್ವಂದಿರು ‘ನಾವೇನೂ ತಂಬಾಕು ತಿನ್ನಂಗಿಲ್ಲ’ ಅನ್ನುತ್ತಾರೆ. ಮಿಶ್ರಿ ಅಂದರೆ ಸುಟ್ಟ ತಂಬಾಕೇ. ಹಸಿ ಎಲೆ ಮುಟ್ಟುವವರಿಗೆ ಚರ್ಮದಿಂದಲೂ ನಿಕೋಟಿನ್ ಇಳಿಯುತ್ತದೆ. ಹಾಗೇ ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಹಾಗಾಗಿ ಇಸಿಜಿ ನಾರ್ಮಲ್ ಬಂದವರೆಲ್ಲರಿಗೂ ಮನಸ್ಸಿನ ಕಾಯಿಲೆ ಅಂತಲೂ ಅಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಎರಡೂ ರಕ್ತದ ಪರೀಕ್ಷೆ, ಎಮ್ಮಿ ಮಾರಬೇಕಿಲ್ಲ.

ಇವೆಲ್ಲ ಸರಿ ಇದ್ದೂ ಎದೆ ಹೊಡೆದುಕೊಂಡರೆ, ಆಗ ಮನಸ್ಸಿನ ಡಾಕ್ಟರು. ಇಲ್ಲಿ ನಮ್ಮ ಜನ ನಿಂತುಬಿಡುತ್ತಾರೆ. ‘ಅಂವಗ ಹುಚ್ಚ ಹಿಡದೈತಿ ಅಂತಾರ’ ಅನ್ನುವ ಹೆದರಿಕೆ. ಮಗಳ ಲಗ್ನಕ್ಕೆ ಅಡ್ಡ ಬರುತ್ತದೆ ಅನ್ನುವ ಹೆದರಿಕೆ. ಅದಕ್ಕಿಂತ ಲಿಂಬಿಹಣ್ಣು ಇಳಿಸುವುದು, ಅಂತ್ರ ಕಟ್ಟಿಸುವುದು ಸಲೀಸು. ದೇವರಿಗೆ ಹೋಗಬೇಡಿ ಅನ್ನುವುದಿಲ್ಲ, ಗುಡಿಯ ಕಟ್ಟೆಯ ಮೇಲೆ ಒಂದು ತಾಸು ಕೂತರೆ ಎದೆ ಹಗುರಾಗುತ್ತದೆ, ಅದು ನಮಗೂ ಗೊತ್ತು. ಅಲ್ಲಿಂದ ಎದ್ದು ಬಂದು ಡಾಕ್ಟರಿಗೂ ತೋರಿಸಿ.

ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ನಿದ್ದೆ ಗುಳಿಗೆಗಿಂತ ದೊಡ್ಡ ಕಂಟಕ ಇಲ್ಲ. ನಾಲ್ಕು ದಿನ ಚಲೋ ಅನಿಸುತ್ತದೆ, ಆಮೇಲೆ ಅದಿಲ್ಲದೆ ನಡೆಯುವುದಿಲ್ಲ. ಗಾಬರಿಯ ಕಾಯಿಲೆಗೆ ಡಾಕ್ಟರು ಕೊಡುವ ಮುಖ್ಯ ಗುಳಿಗೆಗಳು ಬೇರೆ. ಅವು ಹಿಡಿಯಲು ಎರಡು ಮೂರು ವಾರವಾದರೂ ಬೇಕು, ಅಷ್ಟರಲ್ಲಿ ‘ಏನೂ ಫರಕ ಇಲ್ಲ’ ಅಂತ ಬಿಟ್ಟವರನ್ನು ನಾವು ಬಹಳ ನೋಡಿದ್ದೇವೆ. ಗುಳಿಗೆಯಷ್ಟೇ ಕೆಲಸ ಮಾಡುವುದು ಮಾತಿನ ಚಿಕಿತ್ಸೆ. ಎದೆ ಹೊಡೆದುಕೊಂಡಾಗ ‘ಸಾಯ್ತೀನಿ’ ಅನ್ನುವ ವಿಚಾರವನ್ನು ಹೇಗೆ ಹಿಡಿಯಬೇಕು, ಉಸಿರನ್ನು ಹೇಗೆ ನಿಧಾನ ಮಾಡಬೇಕು ಅಂತ ಕಲಿಸುತ್ತಾರೆ. ಉಸಿರು ಒಳಗೆ ತಗೊಳ್ಳುವಾಗ ಮನಸ್ಸಲ್ಲಿ ನಾಲ್ಕು ಎಣಿಸಿ, ಬಿಡುವಾಗ ಆರು. ಬಾಯಿಗೆ ಪ್ಲಾಸ್ಟಿಕ್ ಚೀಲ ಹಿಡಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಡಾಕ್ಟರು ಎಲ್ಲಿ ಸಿಗುತ್ತಾರೆ ಅನ್ನುವುದೇ ನಮ್ಮ ಭಾಗದ ಗೋಳು. ಮನಸ್ಸಿನ ಆರೋಗ್ಯವನ್ನು ಹಳ್ಳಿ ದವಾಖಾನೆವರೆಗೆ ಒಯ್ಯಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು. ಮನೋಚೈತನ್ಯ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ವ್ಯವಸ್ಥೆಯನ್ನೂ ಸರ್ಕಾರ ಮಾಡಿದೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ ಬರುತ್ತಾರೆ ಅಂತ ಆಶಾ ಅಕ್ಕನಿಗೋ, ಉಪಕೇಂದ್ರದ ಸಿಎಚ್‌ಒಗೋ ಮೊದಲು ಕೇಳಿಕೊಂಡು ಹೋಗಿ, ಬಸ್ ಚಾರ್ಜು ಉಳಿಯುತ್ತದೆ.

ಮನೆಯಿಂದ ಹೊರಗೆ ಬೀಳುವುದೇ ಕಷ್ಟ ಅನ್ನುವವರಿಗೆ 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಿಂದ ನಡೆದಿದೆ. ಹಗಲು ರಾತ್ರಿ ಯಾವಾಗಲಾದರೂ ಹಚ್ಚಬಹುದು, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ, ಮರಾಠಿಯಲ್ಲೂ ಮಾತಾಡುತ್ತಾರೆ. ನಮ್ಮ ಗಡಿ ಊರುಗಳಿಗೆ ಇದಕ್ಕಿಂತ ಅನುಕೂಲ ಬೇರೆ ಏನು ಬೇಕು. ಜೀವ ಬೇಡ ಅನಿಸಿದ ರಾತ್ರಿಗೂ ಇದೇ ನಂಬರ್. ಕಂತಿನವರ ಕಾಟಕ್ಕೆ ಮಾತ್ರ ಗುಳಿಗೆ ಇಲ್ಲ, ಅದಕ್ಕೆ ಪೊಲೀಸ್ ಸ್ಟೇಷನ್. ಸಾಲ ವಸೂಲಿಗೆ ಬೆದರಿಸಿ, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನಸ್ಸಿನ ಕಾಯಿಲೆ ಅಂದ ಕೂಡಲೇ ಎಲ್ಲವನ್ನೂ ಆ ಹೆಂಗಸಿನ ತಲೆಯೊಳಗೇ ಹುಡುಕುವುದು ಕೂಡ ಸರಿ ಅಲ್ಲ. ಅರ್ಧ ಕಾಯಿಲೆ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಿಂತಿರುತ್ತದೆ.

ಡಾಕ್ಟರ ಮೇಲೆ ಪೂರ್ತಿ ಸಿಟ್ಟು ನಮಗಿಲ್ಲ. ಒಂದು ಓಪಿಡಿಗೆ ನೂರಾರು ಜನ, ಒಬ್ಬರಿಗೆ ಎರಡು ನಿಮಿಷ. ಅವರು ‘ಏನೂ ಇಲ್ಲ’ ಅನ್ನುವುದು ಧೈರ್ಯ ಕೊಡಲಿಕ್ಕೇ. ಆದರೆ ಆ ಎರಡು ನಿಮಿಷದಲ್ಲೇ ಬೇರೆ ಥರ ಹೇಳಲು ಆಗುತ್ತದೆ: “ಹೃದಯ ಸರಿ ಐತ್ರಿ. ನಿಮಗ ಆದ ತ್ರಾಸು ಖರೇ ಐತಿ. ಅದು ಗಾಬರಿಯಿಂದ ಆಗಿರಬಹುದು, ಅದಕ್ಕೂ ಔಷಧ ಐತಿ. ನಿಮಗ ಏನರ ಚಿಂತಿ ಐತೇನು?” ಓದಿ ನೋಡಿ, ಹದಿನೈದು ಸೆಕೆಂಡ್ ಹಿಡಿಯುವುದಿಲ್ಲ. ಐದೂ ತಾಲೂಕಿನ ಸರ್ಕಾರಿ, ಖಾಸಗಿ ದವಾಖಾನೆಯವರಿಗೆ ನಮ್ಮದೊಂದು ಬೇಡಿಕೆ ಇದೆ. ಇಸಿಜಿ ಚೀಟಿ ಹಾಕಿ ಕೊಡುವ ಪಾಕೀಟಿನ ಮೇಲೆ 14416 ಅಂತ ಒಂದು ರಬ್ಬರ್ ಸ್ಟ್ಯಾಂಪ್ ಹೊಡೆಯಿರಿ. ಅದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ. ಬೇಕಾದರೆ ಸ್ಟ್ಯಾಂಪ್ ನಾವು ಮಾಡಿಸಿ ಕೊಡುತ್ತೇವೆ.

ಕಾಕು ಈಗ ಹೇಗಿದ್ದಾರೆ ಅಂತ ಕೇಳುತ್ತೀರಿ. ಗೆಳೆಯ 14416ಕ್ಕೆ ಹಚ್ಚಿ ಫೋನ್ ಅವರ ಕೈಗೆ ಕೊಟ್ಟ. ಮೊದಲು ನಾಚಿದರು, ಆಮೇಲೆ ಹಿತ್ತಿಲಿಗೆ ಹೋಗಿ ಮಾತಾಡಿದರು. ಅಲ್ಲಿಂದ ಮನೋವೈದ್ಯರ ಹತ್ತಿರ. ಗುಳಿಗೆ ನಡೆದಿದೆ. ಸಂಘದ ಹೆಂಗಸರಿಗೆ ತಾವೇ ವಿಷಯ ಹೇಳಿದರು. ಹೇಳಿದ ಮೇಲೆ ಗೊತ್ತಾದದ್ದು, ಅದೇ ಸಂಘದ ಇನ್ನಿಬ್ಬರಿಗೂ ಕಂತಿನ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುತ್ತದಂತೆ. ಒಬ್ಬರು ಗುಟ್ಟಾಗಿ ಎರಡು ಸಲ ಇಸಿಜಿ ತೆಗೆಸಿಕೊಂಡು ಬಂದಿದ್ದರು.

ಸಾಲ ಇನ್ನೂ ತೀರಿಲ್ಲ. ಮುಕಾದಮನ ಫೋನ್ ಇನ್ನೂ ಸ್ವಿಚ್ ಆಫ್. ದೀಪಾವಳಿ ಹೊತ್ತಿಗೆ ಇನ್ನೊಂದು ಸಲ ರಾತ್ರಿ ಎದೆ ಹೊಡೆದುಕೊಂಡಿತಂತೆ. ಈ ಸಲ ಎದ್ದು ಕೂತವರು ಅತ್ತಿ. ಸೊಸೆಯ ಬೆನ್ನ ಮೇಲೆ ಕೈ ಇಟ್ಟು, “ಸಾವಕಾಶ ಉಸರ ಬಿಡವಾ, ನಾ ಎಣಸ್ತೀನಿ” ಅಂದರಂತೆ. ಅತ್ತಿಗೆ ಆರಕ್ಕಿಂತ ಮುಂದೆ ಎಣಿಕೆ ತಪ್ಪುತ್ತದೆ. ಆರರವರೆಗೆ ಬಂದರೆ ಸಾಕಿತ್ತು.